ಮೊದಲ ನಂಬರಿನ ಹಾಡು

ದೌಲತರಾಯನ ಜೊತೆ ವಾದಕ್ಕಿಳಿದು ಗೆದ್ದವರನ್ನು ನಾನು ಜೇವರ್ಗಿಯಲ್ಲಿ ಕಂಡಿಲ್ಲ. ಅವನಿಗೆ ಎಲ್ಲವೂ ಗೊತ್ತಿತ್ತು ಅಂತಲ್ಲ. ಅರ್ಧಕ್ಕರ್ಧ ಸಲ ಅವನೇ ತಪ್ಪಿರುತ್ತಿದ್ದ ಎಂದು ನನಗೆ ಇವತ್ತಿಗೂ ಗುಮಾನಿ. ಆದರೆ ಆ ಗಂಟಲು! ಬಸ್‌ಸ್ಟ್ಯಾಂಡಿನ ತನಕ ಕೇಳಿಸುವ ಆ ಗಂಟಲಿನ ಎದುರು ಹೈಸ್ಕೂಲಿನ ಗಣಿತದ ಮಾಸ್ತರನಾದ ನನ್ನ ಆಟ ನಡೆಯುತ್ತಿರಲಿಲ್ಲ.

ವಾದದ ವಿಷಯ ಎರಡೇ. ಒಂದು ರೇಡಿಯೋದ ಹಾಡು, ಇನ್ನೊಂದು ರೇಡಿಯೋದ ಆಟ. ಎಪ್ಪತ್ತರ ದಶಕದಲ್ಲಿ ಬುಧವಾರ ಸಂಜೆಯಾಯಿತೆಂದರೆ ಅವನ ಬಟ್ಟೆ ಅಂಗಡಿಯ ಕಟ್ಟೆಯ ಮೇಲೆ ನಾವು ಐದಾರು ಜನ ಸೇರುತ್ತಿದ್ದೆವು. ಸಿಲೋನ್ ಸ್ಟೇಶನ್ನಿನಲ್ಲಿ ಆ ವಾರದ ಹಿಂದಿ ಹಾಡುಗಳನ್ನು ಕೆಳಗಿನ ನಂಬರಿನಿಂದ ಹಿಡಿದು ಒಂದೊಂದಾಗಿ ಕೇಳಿಸುತ್ತ ಮೇಲೇರುತ್ತಿದ್ದರು. ಮೊದಲ ನಂಬರಿನ ಹಾಡಿಗೆ ಮುಂಚೆ ತುತ್ತೂರಿ ಊದುತ್ತಿದ್ದರು. ತುತ್ತೂರಿ ಊದುವುದರೊಳಗೆ ಯಾವ ಹಾಡು ಬರುತ್ತದೆಂದು ನಾವು ಹೇಳಿಬಿಡಬೇಕು. ಸೋತವನಿಗೆ ಶಿಕ್ಷೆಯೂ ಇತ್ತು. ಮುಂದಿನ ಬುಧವಾರದ ತನಕ ಅವನು ಗೆದ್ದವನಿಗೆ 'ಲೇ' ಅನ್ನುವಂತಿಲ್ಲ. 'ರಿ' ಹಚ್ಚಿಯೇ ಮಾತಾಡಬೇಕು, ಅದೂ ನಾಲ್ಕು ಜನರೆದುರು. ಒಂದನೆಯ ಕ್ಲಾಸಿನಿಂದ ಜೊತೆಗೆ ಕೂತು ಬೆಳೆದ ಗೆಳೆಯನಿಗೆ ನಟ್ಟನಡು ಸಂತೆಯಲ್ಲಿ 'ಬರ್ರಿ ಸಾವಕಾರ್ರ' ಅಂದು ಅಂದು ನನ್ನ ಹೊಟ್ಟೆ ಉರಿದುಹೋಗುತ್ತಿತ್ತು. ಅವನಿಗೆ ಅದೇ ಬೇಕಾಗಿತ್ತು.

ಆಟದ ದಿನ ಅವನ ವ್ಯಾಪಾರಕ್ಕೆ ದೇವರೇ ಗತಿ. ೧೯೭೫ರ ಹಾಕಿ ವಿಶ್ವಕಪ್ಪಿನ ಫೈನಲ್ಲಿನಲ್ಲಿ ನಮ್ಮವರ ಎದುರಿಗೆ ಪಾಕಿಸ್ತಾನವಿತ್ತು. ನಮ್ಮವರ ಎರಡನೆಯ ಗೋಲು ಆಯಿತೆಂದು ರೇಡಿಯೋದವನು ಕೂಗಿದಾಗ ದೌಲತರಾಯ ಗುಡುಸಾಬನೆಂಬ ಗಿರಾಕಿಯ ಪಾಯಜಾಮಿಗೆ ಬಟ್ಟೆ ಹರಿಯುತ್ತಿದ್ದ. ಕುಣಿದ ಭರಕ್ಕೆ ಬಟ್ಟೆ ಸೊಟ್ಟಗೆ ಹರಿದು ಪಾಯಜಾಮಿಗೆ ಬಾರದಂತಾಯಿತು. ಗುಡುಸಾಬ ಬೈಯುತ್ತಾನೆ ಅಂದುಕೊಂಡೆವು, ಅವನೂ ಎದ್ದು ಕುಣಿದ. ಆ ಬಟ್ಟೆಯಲ್ಲಿ ಆಮೇಲೆ ಅವನ ಮೊಮ್ಮಕ್ಕಳಿಗೆ ಚೊಣ್ಣ ಹೊಲಿಸಿದರು.

ಅಂಥ ಗಂಟಲು ೧೯೯೨ರ ಬೇಸಿಗೆಯಲ್ಲಿ ನಿಂತುಹೋಯಿತು. ಅಂಗಡಿಯಲ್ಲಿ ಬಟ್ಟೆಯ ಥಾನು ಇಳಿಸುತ್ತಿದ್ದವನು ಹಾಗೇ ಕುಸಿದು ಕೂತ. ಲಕ್ವಾ ಹೊಡೆದಿತ್ತು. ಜೀಪು ಮಾಡಿಕೊಂಡು ಸೊಲ್ಲಾಪುರಕ್ಕೆ ಒಯ್ದೆವು. ಕಾಲು ಅಷ್ಟಿಷ್ಟು ತಿರುಗಿ ಬಂತು, ಬಲಗೈ ಬರಲಿಲ್ಲ, ಮಾತಂತೂ ಬರಲೇ ಇಲ್ಲ. ಬಾಯಲ್ಲಿ ಉಳಿದದ್ದು ಒಂದೇ ಶಬ್ದ, 'ಹೌದ್ರಿ'. ಊಟ ಮಾಡುತ್ತೀಯಾ ಎಂದರೆ ಹೌದ್ರಿ, ಬೇಡವೇ ಎಂದರೂ ಹೌದ್ರಿ. ಗಿರಾಕಿಗಳಿಗೆ ದಿನವಿಡೀ ಅಂದದ್ದು ನಾಲಗೆಗೆ ಅಂಟಿಕೊಂಡಿರಬೇಕು.

"ನೀವು ಆಡೂದೆಲ್ಲ ಅವ್ರಿಗ ತಿಳೀತದ," ಅಂದರು ಅಲ್ಲಿಯ ಡಾಕ್ಟರು. "ಅವ್ರು ಹೇಳಬೇಕಂದದ್ದು ಬಾಯಿಗಿ ಬರಂಗಿಲ್ಲ, ಅಷ್ಟೇ. ಹಳೀ ಮಾತು ತೆಗದು ಮಾತಾಡಸ್ತಾ ಇರ್ರಿ. ಬಂದ್ರ ಬರಬಹುದು."

ಊರಿಗೆ ಕರೆತಂದ ದಿನ ಅವನ ತಾಯಿ ನಿಂಬೆವ್ವ ನನ್ನ ಕೈ ಹಿಡಿದುಕೊಂಡಳು. ಎಂಬತ್ತರ ಹತ್ತಿರದ ಮುದುಕಿ. ರೊಟ್ಟಿ ಹಿಟ್ಟು ನಾದುವ ಕೆಲಸವನ್ನು ಇನ್ನೂ ಸೊಸೆಗೆ ಬಿಟ್ಟುಕೊಟ್ಟವಳಲ್ಲ.

"ದತ್ತಾ, ಅಂವ ಅಂಗಡಿ ನಡಸ್ಲಿ, ಬಿಡ್ಲಿ, ನನಗ ಅದರ ಚಿಂತಿ ಇಲ್ಲ. ನಾ ಹೋಗೂದ್ರಾಗ ಒಮ್ಮೆ 'ಯವ್ವಾ' ಅಂದ್ರ ಸಾಕು. ನೀ ಮಾಸ್ತರ ಇದ್ದಿ. ಎಷ್ಟ್ ಹುಡುಗರಿಗೆ ಕಲಸೀದಿ. ಇಂವಗ ಇದೊಂದು ಕಲಸೋ ಯಪ್ಪಾ."

"ಅನಸ್ತೇನಿ ಬಿಡು ಯವ್ವಾ," ಅಂದೆ ನಾನು, ದೊಡ್ಡ ಮನುಷ್ಯನ ಹಾಗೆ. ಅನಿಸಿದೆ ಸುಡುಗಾಡು! ದಿನಾ ಸ್ಕೂಲು ಬಿಟ್ಟಮೇಲೆ ಹೋಗಿ ಅವನ ಮಂಚದ ಎದುರಿಗೆ ಕೂಡುತ್ತಿದ್ದೆ. 'ಯವ್ವಾ ಅನ್ನಲೇ' ಅನ್ನುತ್ತಿದ್ದೆ. 'ಹೌದ್ರಿ' ಅನ್ನುತ್ತಿದ್ದ. ಮಂದ ಹುಡುಗರಿಗೆ ಬಾಯಿಪಾಠ ಮಾಡಿಸಿದ ನನ್ನ ಎಲ್ಲ ವಿದ್ಯೆಯೂ ಅಲ್ಲಿ ಮಣ್ಣುಗೂಡಿತು.

ಆಗ ನನಗೊಂದು ಉಪಾಯ ಹೊಳೆಯಿತು. ಇನ್ನೊಬ್ಬರು ತಪ್ಪು ಹೇಳಿದರೆ ಸುಮ್ಮನಿರುವ ಜೀವವಲ್ಲ ಅದು. ಬೇಕೆಂದೇ ತಪ್ಪು ಹೇಳಿ ಕೆಣಕಿದರೆ ಸಿಟ್ಟಿಗಾದರೂ ಒಂದು ಮಾತು ಹೊರಬೀಳುತ್ತದೆ ಅಂದುಕೊಂಡೆ.

"ದೌಲ್ಯಾ, ಎಪ್ಪತ್ತೈದರ ಹಾಕಿ ಫೈನಲ್ದಾಗ ಪಾಕಿಸ್ತಾನ ಗೆದ್ದಿತ್ತಲ್ಲಲೇ?"

"ಹೌದ್ರಿ."

"ಎಂಬತ್ಮೂರರಾಗ ಕ್ರಿಕೆಟ್ ಕಪ್ ವೆಸ್ಟ್ ಇಂಡೀಜ್‌ನವ್ರೇ ಒಯ್ದ್ರು. ನಮ್ಮವ್ರು ಬರಿಗೈಲೆ ಬಂದ್ರು."

"ಹೌದ್ರಿ."

ಹೌದ್ರಿ ಅನ್ನುತ್ತಲೇ ಅವನ ಕಣ್ಣು ಕೆಂಪಾಗುತ್ತಿದ್ದವು. ಎಡಗೈ ಮಂಚದ ಪಟ್ಟಿಯನ್ನು ದಬದಬ ಬಡಿಯುತ್ತಿತ್ತು. ಅವನು ಅನ್ನುತ್ತಿರುವುದು 'ಅಲ್ಲ' ಎಂದು ಕುರುಡನಿಗೂ ತಿಳಿಯುವಂತಿತ್ತು. ಜೀವಮಾನವೆಲ್ಲ ಅವನೆದುರು ಸೋತ ನಾನು ಈಗ ದಿನಾ ಗೆಲ್ಲುತ್ತಿದ್ದೆ. ಇಂಥ ಗೆಲುವು ಹಗೆಯವನಿಗೂ ಬೇಡ. ನಮ್ಮ ಬುಧವಾರದ ಗುಂಪಿನ ಲಾಡ್ಲೆಸಾಬ ಒಮ್ಮೆ ನೋಡಲು ಬಂದವನು, "ಮಾಸ್ತರ್ರ, ಈಗ ನಿಮಗ ಕಾಯಂ 'ರಿ' ಹಚ್ಚಾಕತ್ತಾನ ನೋಡ್ರಿ," ಅಂದ. ನಗಿಸಲೆಂದೇ ಅಂದಿದ್ದ, ಪಾಪ. ಅವನ ಮೇಲೆ ಹರಿಹಾಯ್ದುಬಿಟ್ಟೆ. ಆಮೇಲೆ ಅವನು ಬಹಳ ದಿನ ಬರಲಿಲ್ಲ.

ಒಂದು ರವಿವಾರ ಮಧ್ಯಾಹ್ನ ನನ್ನ ತಾಳ್ಮೆ ತೀರಿತು. ಎಪ್ಪತ್ತರ ದಶಕದಲ್ಲಿ ವಾರಗಟ್ಟಲೆ ಮೊದಲ ನಂಬರಿನಿಂದ ಇಳಿಯದೆ ಕೂತ ಹಾಡೊಂದಿತ್ತು. ಯಾವ ವರ್ಷ ಎಂದು ಹೇಳುವುದಿಲ್ಲ. ಹೇಳಿದರೆ ಹಾಡು ಯಾವುದೆಂದು ನಿಮಗೆ ತಿಳಿಯುತ್ತದೆ, ನೀವು ಅದನ್ನು ಗುನುಗುತ್ತೀರಿ, ನನಗೆ ಅದು ಬೇಡ. ಹುಡುಗನೊಬ್ಬ ಹುಡುಗಿಯನ್ನು ಮಳೆಯಲ್ಲಿ ನೆನೆಯೋಣ ಬಾ ಎಂದು ಕರೆಯುವ ಪೋಲಿ ಹಾಡು. ದೌಲತರಾಯನಿಗೆ ಅದರ ಹುಚ್ಚು. ಅದರ ದೆಸೆಯಿಂದ ನಾನು ಎಷ್ಟು ವಾರ ಅವನಿಗೆ 'ರಿ' ಹಚ್ಚಿದ್ದೆನೋ.

"ನಿನ್ನ ಆ ಪೋಲಿ ಹಾಡು ಒಮ್ಮೆನೂ ಮೊದಲ ನಂಬರಿಗಿ ಬರ್ಲಿಲ್ಲ, ತಿಳ್ಕೊ!" ಎಂದು ಚೀರಿ, ಅಣಕಿಸಲೆಂದು ನನ್ನ ಒಡಕು ದನಿಯಲ್ಲಿ ಅದರ ಮೊದಲ ಸಾಲು ಹಾಡಿದೆ.

ಎರಡನೆಯ ಸಾಲನ್ನು ಅವನು ಹಾಡಿದ.

ಗೊಗ್ಗರು ಗೊಗ್ಗರಾಗಿ ಅಲ್ಲ, ಸ್ವಚ್ಛವಾಗಿ, ಒಂದೊಂದು ಶಬ್ದವೂ ಬಿಡಿಬಿಡಿಯಾಗಿ. ಮೂರನೆಯದು, ನಾಲ್ಕನೆಯದು, ನಡುವಿನ ಆಲಾಪ ಸಹ ಬಿಡಲಿಲ್ಲ. ನನಗೆ ಅಳು ಬಂತು. ಅವನ ಹೆಂಡತಿ ಕಸ್ತೂರಿಬಾಯಿ ಒಳಗಿನಿಂದ ಓಡಿಬಂದು ಕಂಬ ಹಿಡಿದು ನಿಂತಳು. ಹಿಂದೆಯೇ ನಿಂಬೆವ್ವ ಹಿಟ್ಟಿನ ಕೈಯಲ್ಲೇ ಬಂದಳು.

"ನನ್ ಮಗಗ ಬಾಯಿ ಬಂತು! ನನ್ ಮಗಗ ಬಾಯಿ ಬಂತಬೇ ಕಸ್ತೂರಿ!" ಮಂಚದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಅವನ ಕೆನ್ನೆಗೆಲ್ಲ ಜೋಳದ ಹಿಟ್ಟು ಹತ್ತಿತು. "ಈಗ ಅನ್ನು ನನ್ನಪ್ಪಾ. ಯವ್ವಾ ಅನ್ನು."

ಅವನು ಅವಳನ್ನೇ ನೋಡಿದ. ಬಾಯಿ ತೆರೆದ. ಮತ್ತೆ ಅದೇ ಹಾಡು, ಮೊದಲ ಸಾಲಿನಿಂದ.

ಅವನಿಗೆ ಗೊತ್ತಾಯಿತು. ಬಾಯಿಂದ ಬರುತ್ತಿರುವುದು ತಾನು ಹೇಳಬೇಕೆಂದದ್ದಲ್ಲ ಎಂದು ಗೊತ್ತಾಗಿ ಅವನ ಕಣ್ಣಲ್ಲಿ ಎದ್ದ ಗಾಬರಿಯನ್ನು ನಾನು ಕಂಡೆ. ನಿಲ್ಲಿಸಲು ನೋಡಿದ. ಹಾಡು ಒಮ್ಮೆ ಹತ್ತಿದರೆ ಮುಗಿಯುವ ತನಕ ನಿಲ್ಲುತ್ತಿರಲಿಲ್ಲ.

ನಿಂಬೆವ್ವನಿಗೆ ಸಂತೆಯ ಉರ್ದು ಅಷ್ಟಿಷ್ಟು ಬರುತ್ತಿತ್ತು, ಸಿನಿಮಾದ ಹಾಡು ತಿಳಿಯುತ್ತಿರಲಿಲ್ಲ. "ಏನಂತಾನೋ ದತ್ತಾ?" ಎಂದು ನನ್ನತ್ತ ತಿರುಗಿದಳು.

"ನಿನ್ನ ಕರ್ಯಾಕತ್ತಾನ ಯವ್ವಾ. ಬಾ ಅಂತಾನ."

ಸುಳ್ಳೇನೂ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮುದುಕಿ ನಕ್ಕಳು. "ಕರದ ಕೂಡ್ಲೇ ಬಂದೇನಲ್ಲೋ, ಖೋಡಿ," ಎಂದು ಸೆರಗಿನಿಂದ ಅವನ ಮುಖದ ಹಿಟ್ಟು ಒರೆಸಿದಳು.

ಆ ದಿನದಿಂದ 'ಹೌದ್ರಿ' ಸಹ ಹೋಯಿತು. ನೀರು ಬೇಕಾದರೂ ಹಾಡು, ಹೊಟ್ಟೆ ನೊಂದರೂ ಹಾಡು. ಕಸ್ತೂರಿಬಾಯಿ ದನಿಯ ಏರಿಳಿತ ಹಿಡಿದು ಊಹೆ ಮಾಡುತ್ತಿದ್ದಳು. ತಂಬಿಗೆ ತರುತ್ತಿದ್ದಳು, ಅದಲ್ಲವೆಂದರೆ ದಿಂಬು ಸರಿಸುತ್ತಿದ್ದಳು, ಅದೂ ಅಲ್ಲದಿದ್ದರೆ ಸುಮ್ಮನೆ ಕಾಲು ಒತ್ತುತ್ತಿದ್ದಳು. ಊರಲ್ಲಿ ಸುದ್ದಿ ಹಬ್ಬಿತು. ಬೀಗರು ಬಿಜ್ಜರು ನೋಡಲು ಬಂದವರು ಚಹಾ ಕುಡಿದು, "ಹಾಡ್ತಾರಂತಲ್ರಿ? ಒಮ್ಮೆ ಹಾಡಸ್ರಿ ನೋಡಮು," ಅನ್ನುತ್ತಿದ್ದರು. ಅವನು ಅವರನ್ನು ಹೊರಗೆ ಹೋಗಿರೆಂದು ಬೈಯಲು ಬಾಯಿ ತೆರೆಯುತ್ತಿದ್ದ, ಹಾಡು ಬರುತ್ತಿತ್ತು, ಅವರು ಚಪ್ಪಾಳೆ ತಟ್ಟುತ್ತಿದ್ದರು. ನಾನಿದ್ದಾಗ ಬಂದವರನ್ನು ಎಬ್ಬಿಸಿ ಅಟ್ಟುತ್ತಿದ್ದೆ. ನಾನಿಲ್ಲದಾಗ ಏನು ಮಾಡಲಿ?

ನಾನೂ ಸುಮ್ಮನೆ ಕೂಡಲಿಲ್ಲ. ಹಾಡು ಬರುತ್ತದೆಂದರೆ ಹಾಡಿನಲ್ಲೇ ಕಲಿಸೋಣ ಎಂದು ಹಟ ಹಿಡಿದೆ. ಆ ಹಾಡಿನ ಶಬ್ದ ತೆಗೆದುಹಾಕಿ ಅದೇ ಧಾಟಿಯಲ್ಲಿ 'ಯವ್ವಾ ಯವ್ವಾ' ಎಂದು ಹಾಡುತ್ತಿದ್ದೆ. ಐವತ್ತರ ಹತ್ತಿರ ಬಂದ ಬ್ರಾಹ್ಮಣ ಮಾಸ್ತರ ಮಳೆಯ ಹಾಡಿನ ಧಾಟಿಯಲ್ಲಿ ಯವ್ವಾ ಎಂದು ಕೂಗುವುದನ್ನು ಕೇಳಿ ಓಣಿಯ ಹುಡುಗರು ಕಿಟಕಿಯಲ್ಲಿ ಇಣುಕಿ ನಗುತ್ತಿದ್ದರು. ನಿಂಬೆವ್ವ ಮಗನ ಎದುರಿಗೆ ಕೂತು ಅವನ ತುಟಿಯನ್ನೇ ನೋಡುತ್ತಿದ್ದಳು. ಒಂದೆರಡು ಸಲ 'ಯ' ಎಂದು ತುಟಿ ತೆರೆಯಿತು. ಅಷ್ಟರಲ್ಲಿ ಹಾಡು ಅವನನ್ನು ಎಳೆದುಕೊಂಡು ಹೋಗುತ್ತಿತ್ತು.

"ಬಿಡೋ ದತ್ತಾ," ಅಂದಳು ಒಂದು ದಿನ. "ಅಂವಗ ತ್ರಾಸ ಆಗಾಕತ್ತದ. ನಾಳಿ ನೋಡಮು."

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಿಂಬೆವ್ವ ಏಳಲಿಲ್ಲ.

ಇಜೇರಿಯಿಂದ ಹಿರಿಯ ಮಗ ಮಲ್ಲಣ್ಣ ಬಂದ. ಬೀಗರೆಲ್ಲ ಕೂಡಿದರು. ಲಿಂಗವಂತರ ಪದ್ಧತಿಯಂತೆ ಮುದುಕಿಯನ್ನು ಗೋಡೆಗೆ ಆನಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಹೂವಿನ ಹಾರ ಹಾಕಿದ್ದರು. ಎದುರಿಗೆ ಭಜನೆಯವರು ತಾಳ ಹಾಕುತ್ತ ಕೂತಿದ್ದರು. ಕಸ್ತೂರಿಬಾಯಿ ಅತ್ತೆಯ ಗುಣ ಎತ್ತಿ ಎತ್ತಿ ಹಾಡಿಕೊಂಡು ಅಳುತ್ತಿದ್ದಳು. ನಮ್ಮ ಕಡೆ ಹೆಂಗಸರು ಹಾಗೆ ಹಾಡಿಯೇ ಅಳುವುದು. ಗಂಡಸರಿಗೆ ಅದಿಲ್ಲ. ಆ ಮನೆತನದಲ್ಲಿ ಗಂಡುಮಕ್ಕಳು ಹೆಣ ಎತ್ತುವ ಮುಂಚೆ ಒಬ್ಬೊಬ್ಬರಾಗಿ ಮುಂದೆ ನಿಂತು, ಭಜನೆ ನಿಲ್ಲಿಸಿ, ಒಮ್ಮೆ ಕೂಗಿ ಕರೆಯಬೇಕು. ಮಕ್ಕಳು ಕರೆದದ್ದು ಕಿವಿಗೆ ಬಿದ್ದ ಮೇಲೆಯೇ ಜೀವ ಮನೆ ಬಿಡುತ್ತದೆಂದು ನಂಬಿದವರು.

ತಾಳ ನಿಂತಿತು. ಮಲ್ಲಣ್ಣ ಮುಂದೆ ನಿಂತು "ಯವ್ವಾ" ಎಂದು ಕೂಗಿ ಹಿಂದೆ ಸರಿದ.

ದೌಲತರಾಯನನ್ನು ನಾನು ರಟ್ಟೆ ಹಿಡಿದು ಕರೆತಂದೆ. ತಾಯಿಯ ಮುಖ ನೋಡಿದ. ಮನೆ ತುಂಬ ಜನ ಅವನತ್ತಲೇ ನೋಡುತ್ತಿದ್ದರು. ಅವನ ತುಟಿ ಕೂಡಿದವು, ಬಿಚ್ಚಿದವು. ಒಂದು ಸಲ, ದೇವರೇ, ಇದೊಂದು ಸಲ ಎಂದು ನಾನು ಬೇಡಿಕೊಂಡೆ.

ಹಾಡು ಬಂತು. ಹಳೆಯ ಪೂರಾ ಗಂಟಲಿನಲ್ಲಿ, ಓಣಿಗೆಲ್ಲ ಕೇಳುವಂತೆ, ಮಳೆಯಲ್ಲಿ ನೆನೆಯೋಣ ಬಾ ಎಂಬ ಹಾಡು.

ಹಿಂದೆ ನಿಂತ ಯಾರೋ ಹುಡುಗರು ಕಿಸಕ್ಕನೆ ನಕ್ಕರು. ಹೆಂಗಸರ ಅಳು ನಿಂತಿತು. ಹಿರಿಯರೊಬ್ಬರು "ಶಿವ ಶಿವಾ" ಎಂದು ಮುಖ ತಿರುಗಿಸಿದರು. ಮಲ್ಲಣ್ಣನ ಮುಖ ಕಪ್ಪಿಟ್ಟಿತು.

"ಮಾಸ್ತರ್ರ, ಅವನ ಬಾಯಿ ಮುಚ್ಚಸ್ರಿ!"

ಅವನು ಅಳುತ್ತಿದ್ದಾನೆ, ಅವ್ವನನ್ನು ಕರೆಯುತ್ತಿದ್ದಾನೆ ಎಂದು ನಾನು ಚೀರಬೇಕೆಂದಿದ್ದೆ. ಚೀರಿದ್ದರೆ ಆ ಹಾಡಿನ ಸದ್ದಿನಲ್ಲಿ ಯಾರಿಗೆ ಕೇಳುತ್ತಿತ್ತು?

"ಮುಚ್ಚಸ್ರೀ ಅಂದೆ!"

ನನ್ನ ಅಂಗೈಯನ್ನು ದೌಲತರಾಯನ ಬಾಯಿಯ ಮೇಲೆ ಇಟ್ಟು ಒತ್ತಿದೆ. ಅವನು ಕೊಸರಲಿಲ್ಲ. ಎಡಗೈ ಎತ್ತಿ ನನ್ನ ಕೈಯ ಮೇಲಿಟ್ಟು ಅವನೂ ಒತ್ತಿದ. ಆದರೂ ನಮ್ಮಿಬ್ಬರ ಕೈಯ ಕೆಳಗೆ ಹಾಡು ನಡೆದೇ ಇತ್ತು, ಬಿಸಿಬಿಸಿಯಾಗಿ, ಒಂದು ಸಾಲೂ ತಪ್ಪದೆ. ಅವನ ಕಣ್ಣೀರು ನನ್ನ ಬೆರಳ ಸಂದಿಯಲ್ಲಿ ಇಳಿಯುತ್ತಿತ್ತು.

ಭಜನೆ ಮತ್ತೆ ಶುರುವಾಯಿತು. ನಿಂಬೆವ್ವನನ್ನು ಎತ್ತಿದರು. ನಮ್ಮೆದುರಿಗೇ ಹಾಯ್ದು ಹೊರಗೆ ಒಯ್ದರು. ಹಾಡು ಇನ್ನೂ ಮುಗಿದಿರಲಿಲ್ಲ, ನಾನು ಕೈ ತೆಗೆಯಲಿಲ್ಲ.