ಝಟಕಾ ಡಬ್ಬಿಯ ಪರೀಕ್ಷೆ

ಸಂಖದ ಬಸ್‌ಸ್ಟ್ಯಾಂಡಿನ ಹಿಂದೆ ದಿಲಾವರನ ರಿಪೇರಿ ಅಂಗಡಿ. ಅಂಗಡಿಗಿಂತ ಅದರೊಳಗಿನ ಪಲ್ಸ್ ಜನರೇಟರಿಗೇ ಹೆಸರು ಹೆಚ್ಚು. ಪುಣೆಯ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಅದರ ಮುಂದೆ ಕೂತು ಸರ್ಕಿಟ್ ಬೋರ್ಡು ಪರೀಕ್ಷಿಸಿದವನು ಈತ. ಕಾರ್ಖಾನೆ ಮುಚ್ಚಿದಾಗ ಉಳಿದವರು ಕುರ್ಚಿ, ಮೇಜು ಹೊತ್ತರೆ ಈ ಮಹಾಶಯ ಯಾರಿಗೂ ಬೇಡವಾದ ಆ ಹಳೇ ಪೆಟ್ಟಿಗೆಯನ್ನು ಎಸ್.ಟಿ. ಬಸ್ಸಿನ ಮೇಲೆ ಹಾಕಿಕೊಂಡು ಬಂದ. ಎಷ್ಟು ಹೊತ್ತಿಗೊಂದು, ಎಷ್ಟು ಜೋರಿನ ಗುದ್ದು ಬೇಕೆಂದು ಮೊದಲೇ ಗುಂಡಿ ಒತ್ತಿ ಹೇಳಿಟ್ಟರೆ ಸಾಕು, ಅದು ತನಗೆ ಜೋಡಿಸಿದ ಸಾಮಾನಿಗೆ ತಾನೇ ಒಂದಾದ ಮೇಲೊಂದು ಕರೆಂಟಿನ ಗುದ್ದು ಕೊಟ್ಟು ಪರೀಕ್ಷೆ ಮಾಡುತ್ತಿತ್ತು. ಸರಿ ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ತನ್ನ ಕಣ್ಣಿಗಿಂತ ಆ ದೀಪದ ಮೇಲೆ ದಿಲಾವರನಿಗೆ ನಂಬಿಕೆ.

ಆ ನಂಬಿಕೆ ನಲವತ್ತು ದಿನದಿಂದ ಅಲುಗಾಡುತ್ತಿತ್ತು. ತಿಕೋಂಡಿಯ ವಿಠೋಬ ಹಂದಿ ಕಾಟಕ್ಕೆ ಗೋವಿನಜೋಳದ ಸುತ್ತ ಝಟಕಾ ತಂತಿ ಕಟ್ಟಿದ್ದ. ಅದೇ ತಂತಿ ತಗುಲಿ ಸತ್ತ. ಬ್ಯಾಟರಿಯಿಂದ ತಂತಿಗೆ ಕರೆಂಟು ಬಿಡುವ ಡಬ್ಬಿಯನ್ನು ರಿಪೇರಿ ಮಾಡಿಕೊಟ್ಟವನು ದಿಲಾವರ. ಪ್ರಾಣಿ ಬೆಚ್ಚಿ ಓಡುವಷ್ಟೇ ಹೊಡೆಯಬೇಕಾದ ಡಬ್ಬಿ ತನ್ನ ಕೈತಪ್ಪಿನಿಂದ ಮನುಷ್ಯನನ್ನು ಕೊಂದಿತೇ? ಈ ಹೆದರಿಕೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಸೋಮವಾರ ಮುಂಜಾನೆ ವಿಠೋಬನ ಹೆಂಡತಿ ಚನ್ನವ್ವ ಆ ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

"ಪರೀಕ್ಷಾ ಮಾಡ್ರಿ ಅಣ್ಣಾರ. ಅವರು ಯಾರ ತಪ್ಪಿಗೆ ಹೋದ್ರು, ಖರೆ ಹೇಳ್ರಿ."

ದಿಲಾವರ ತಂತಿ ಜೋಡಿಸಿದ. ಪೆಟ್ಟಿಗೆ ಟಕ್ ಟಕ್ ಎನ್ನುತ್ತ ತನ್ನ ಹನ್ನೆರಡು ಪರೀಕ್ಷೆ ಮುಗಿಸಿತು. ಹಸಿರು. ಮತ್ತೊಮ್ಮೆ ಮಾಡಿದ. ಹಸಿರು. ಹೆಗಲ ಮೇಲಿನ ಹೇರು ಇಳಿದಂತಾಗಿ, ಇದ್ದದ್ದನ್ನೇ ಹೇಳಬೇಕೆಂದರೆ, ಎದುರಿಗೆ ವಿಧವೆ ಕೂತಿದ್ದರೂ ಅವನಿಗೆ ಖುಷಿಯೇ ಆಯಿತು.

"ಅವತ್ತು ಏನಾಗಿತ್ತು ತಂಗಿ?" ಎಂದು ಕೇಳಿದ.

"ಬ್ಯಾಟರಿ ಚಾರ್ಜಿಂಗಿಗೆ ಹೋಗಿತ್ರಿ. ಅವರು ಸಂತಿಗೆ ಹೋಗಿದ್ರು. ಹಂದಿ ಬಂದ್ರ ಬೆಳಿ ಹೋಗ್ತೈತಿ ಅಂತ ನಾನ ಮನಿ ಲೈನು ಬೇಲಿಗೆ ಹಚ್ಚಿದ್ನಿ. ಡಬ್ಬಿ ಅಲ್ಲೇ ಇತ್ತಲ್ರಿ, ಹೆಚ್ಚಿನ ಕರೆಂಟು ಅದು ತಡೀತೈತಿ ಅಂದ್ಕೊಂಡ್ನಿ. ತಡೀಬೇಕಿತ್ತು, ಹೌದಲ್ರಿ?"

ಯಾವ ಡಬ್ಬಿಯೂ ಅದನ್ನು ತಡೆಯುವುದಿಲ್ಲ. ಮನೆಯ ಕರೆಂಟು ನೇರ ಬೇಲಿಗೆ ಹರಿದಿತ್ತು, ಸಂತೆಯಿಂದ ಬಂದ ಗಂಡ ಅದನ್ನೇ ಮುಟ್ಟಿದ್ದ. ಚನ್ನವ್ವ ಅವನ ಬಾಯಿಯನ್ನೇ ನೋಡುತ್ತಿದ್ದಳು. ದೀಪದ ಬಣ್ಣದ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಹೌದು ಎಂದರೆ ಅವನ ಇಷ್ಟು ವರ್ಷದ ಹೆಸರು ಮಣ್ಣುಪಾಲು. ಇಲ್ಲ ಎಂದರೆ ಈ ಹೆಣ್ಣುಮಗಳು ಹೇಗೆ ಬದುಕಿಯಾಳು?

"ತಡೀಬೇಕಿತ್ತವ್ವ," ಎಂದ. "ನಾ ರಿಪೇರಿ ತಪ್ಪು ಮಾಡಿದ್ನಿ. ಇನ್ನ ಮ್ಯಾಲ ಎಂಥಾ ಡಬ್ಬಿ ಇದ್ರೂ ಬೇಲಿಗೆ ಮನಿ ಲೈನು ಹಚ್ಚಬ್ಯಾಡ. ಆಣಿ ಮಾಡು."

"ಹಂಗಾರ ತಪ್ಪು ನಂದಲ್ಲ?"

"ನಿಂದಲ್ಲ. ನಂದು."

ಚನ್ನವ್ವ ಅಲ್ಲೇ ಕುಸಿದು ಕೂತು, ನಲವತ್ತು ದಿನ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು. ಅವನು ನೀರು ಕೊಟ್ಟರೆ ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ಬಾಗಿಲಿಗೆ ಹೋಗಿ ತಿರುಗಿ ನಿಂತಳು. ಈ ಸಲ ಅಣ್ಣ ಎನ್ನಲಿಲ್ಲ.

"ನಿನ್ನ ಕೈ ಸೇದಿ ಹೋಗ್ಲಿ, ದಿಲಾವರ!" ಎಂದು ಬಸ್‌ಸ್ಟ್ಯಾಂಡಿಗೆಲ್ಲ ಕೇಳುವಂತೆ ಶಪಿಸಿದಳು.

"ಆಮೀನ್," ಎಂದ ದಿಲಾವರ, ತನಗಷ್ಟೇ ಕೇಳುವಂತೆ.