ಎಂಟರ ಸ್ಪೀಡಿನ ಸಿಡಿ

ಸಿಡಿ ಕೈಕೊಟ್ಟದ್ದು ವಿಚಾರಣಾ ಸಮಿತಿಯ ಎದುರಿಗೇ. ಜೆ.ಪಿ. ನಗರದ ಆ ಕಚೇರಿಯಲ್ಲಿ ಪೆನ್‌ಡ್ರೈವ್ ನಿಷೇಧ. ದೂರಿನ ಧ್ವನಿಮುದ್ರಣವನ್ನು ಸಿಡಿಯಲ್ಲೇ ಕೊಡಬೇಕು. ಸಭೆಯ ಕೋಣೆಯ ಹಳೆಯ ಪ್ಲೇಯರ್‌ಗೆ ದೂರು ಕೊಟ್ಟ ಶೈಲಶ್ರೀಯ ಸಿಡಿ ಹಾಕಿದರೆ, ಮೇಲಧಿಕಾರಿ ಶಶಿಕಾಂತ್ ಅವಳನ್ನು ಫೋನಿನಲ್ಲಿ ಬೈದದ್ದೆಲ್ಲ ಪಟಪಟ ಸದ್ದಿನಲ್ಲಿ ಮುಚ್ಚಿಹೋಯಿತು.

"ಇದ್ರಲ್ಲಿ ನಾನೆಲ್ಲಿದ್ದೀನಿ ಮೇಡಂ? ಎಣ್ಣೇಲಿ ಸಾಸಿವೆ ಸಿಡಿದಂಗಿದೆ ಅಷ್ಟೇ," ಎಂದು ಶಶಿಕಾಂತ್ ನಕ್ಕ.

ಮೊಬೈಲಿನಲ್ಲೇ ಕೇಳಿಸುತ್ತೇನೆಂದು ಶೈಲಶ್ರೀ ಎದ್ದಳು. ಸಮಿತಿಯ ಅಧ್ಯಕ್ಷೆ ಸೀತಾಲಕ್ಷ್ಮಿ ಒಪ್ಪಲಿಲ್ಲ. "ಫೈಲಿಗೆ ಸೇರಿದ್ದು ಮಾತ್ರ ನಡೆಯುತ್ತೆ. ಸೋಮವಾರ ಸರಿಯಾದ್ದು ತನ್ನಿ. ಇಲ್ಲಾಂದ್ರೆ ಕ್ಲೋಸ್ ಮಾಡ್ತೀನಿ."

ಶೈಲಶ್ರೀ ಬನಶಂಕರಿಯ ಬಸ್ಸು ಹತ್ತಿದಳು. ಮದುವೆ ವಿಡಿಯೋಗಳ ಪ್ರತಿ ಮಾಡಿಕೊಡುವ ಗುರುಶಾಂತಪ್ಪನ ಅಂಗಡಿಯಲ್ಲೇ ಆ ಸಿಡಿ ಮಾಡಿಸಿದ್ದಳು. ಸಿಡಿ ಹೀಗೇಕೆ ಕೆಡುತ್ತದೆಂದು ದಾರಿಯುದ್ದಕ್ಕೂ ಮೊಬೈಲಿನಲ್ಲಿ ಓದಿದಳು.

"ಏನ್ರೀ ಇದು? ಒಂದು ಮಾತೂ ನೆಟ್ಟಗ ಕೇಳಸಂಗಿಲ್ಲ!" ಎಂದು ಅಂಗಡಿಯ ಮೇಜಿನ ಮೇಲೆ ಸಿಡಿ ಇಟ್ಟಳು. ಗುರುಶಾಂತಪ್ಪ ಅದನ್ನು ಹಾಕಿ ಸ್ವಲ್ಪ ಕೇಳಿದ.

"ನನ್ ಕಂಪ್ಯೂಟರ್‌ನಲ್ಲಿ ಚೆನ್ನಾಗೇ ಬರ್ತಿದೆ ಮೇಡಂ. ನಿಮ್ ಪ್ಲೇಯರ್ರೇ ಡಬ್ಬಾ."

"ಎಷ್ಟು ಸ್ಪೀಡಿಗೆ ಬರ್ನ್ ಮಾಡಿದ್ರಿ?"

"ಐವತ್ತೆರಡು. ಎಲ್ರಿಗೂ ಅದೇ."

"ಅದ್ಕ ಹಿಂಗಾಗೇದ. ಅಗ್ಗದ ಡಿಸ್ಕಿಗೆ ಅಷ್ಟು ಜೋರು ಓಡಿಸಿದ್ರ ಲೇಸರ್ ಬರಿಯೋ ಗುರುತು ಮಸಕಾಗಿ ಬೀಳ್ತಾವ. ನಿಮ್ಮ ಕಂಪ್ಯೂಟರ್ ಹೆಂಗೋ ಸರಿ ಮಾಡ್ಕೊಂಡು ಓದ್ತದ, ಹಳೇ ಪ್ಲೇಯರ್‌ಗೆ ಆಗಂಗಿಲ್ಲ. ಎಂಟಕ್ಕ ಇಳಸ್ರಿ."

"ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ. ನಂಗೆ ಕೆಲ್ಸ ಕಲಿಸ್ಬೇಡಿ."

"ಇಪ್ಪತ್ತು ವರ್ಷ ಹಿಂಗ ಮಾಡೀರೇನು?"

ಅಷ್ಟಂದು ಅವಳು ಬೆಂಚಿನ ಮೇಲೆ ಕುಳಿತಳು. ಬಂದ ಗಿರಾಕಿಗಳಿಗೆಲ್ಲ ಕೇಳುವಂತೆ ಮತ್ತೆ ಮತ್ತೆ ಅದನ್ನೇ ಹೇಳಿದಳು. ಗುರುಶಾಂತಪ್ಪ ಕೊನೆಗೆ ಗೊಣಗುತ್ತಲೇ ಒಳ್ಳೆಯ ಡಿಸ್ಕೊಂದನ್ನು ತೆಗೆದ, ಸ್ಪೀಡನ್ನು ಎಂಟಕ್ಕೆ ಇಳಿಸಿದ. ಮುಗಿದ ಮೇಲೆ ಅಟ್ಟದ ಮೇಲಿದ್ದ ತನ್ನದೇ ಹಳೆಯ ಪ್ಲೇಯರ್ ಇಳಿಸಿ, ಧೂಳು ಒರೆಸಿ ಹಾಕಿದ.

ಶಶಿಕಾಂತನ ಹೊಲಸು ಮಾತುಗಳು ಒಂದೂ ಬಿಡದೆ ಅಂಗಡಿ ತುಂಬಿದವು. ಗುರುಶಾಂತಪ್ಪ ತಲೆ ತಗ್ಗಿಸಿದ. ಕೊನೆಯಲ್ಲಿ ಶೈಲಶ್ರೀಯ ದನಿ ಕೇಳಿತು: "ನಿನ್ನ ಮಗಳಿಗೂ ನಿನ್ನಂಥವನ ಕೈಕೆಳಗೇ ಕೆಲಸ ಸಿಗಲಿ!"

ಅವಳ ಮುಖ ಬಿಸಿಯಾಯಿತು. ಆ ಮಗುವಿಗೆ ಆರು ವರ್ಷ. ಕಚೇರಿಯ ವಾರ್ಷಿಕೋತ್ಸವದಲ್ಲಿ ಅವಳೇ ಎತ್ತಿಕೊಂಡು ಓಡಾಡಿದ್ದಳು.

"ಕೊನೇದು ಕಟ್ ಮಾಡ್ಲಾ ಮೇಡಂ?"

ಕತ್ತರಿಸಿದರೆ ಶಶಿಕಾಂತ್ ಎಲ್ಲವನ್ನೂ ತಿರುಚಿದ್ದು ಎನ್ನುತ್ತಾನೆ. ಅಷ್ಟೇ ಅಲ್ಲ, ಆ ಮಾತು ಅಂದವಳೂ ತಾನೇ. "ಬ್ಯಾಡ. ಇದ್ದಷ್ಟೂ ಇರ್ಲಿ," ಎಂದಳು.

ಸೋಮವಾರ ಸಿಡಿ ಎಲ್ಲೂ ತಡವರಿಸಲಿಲ್ಲ. ಶಶಿಕಾಂತ್ ಮೇಜು ನೋಡುತ್ತ ಕುಳಿತಿದ್ದವನು ಕೊನೆಯ ಮಾತಿಗೆ ಎದ್ದು ನಿಂತ. "ಕೇಳಿಸ್ಕೊಂಡ್ರಾ? ನನ್ ಮಗಳನ್ನ!"

"ಕೂತ್ಕೊಳ್ಳಿ," ಎಂದ ಸೀತಾಲಕ್ಷ್ಮಿ ಶೈಲಶ್ರೀಯತ್ತ ತಿರುಗಿದರು. "ಇದು ನೀವೇ ಅಂದಿದ್ದಾ?"

"ಹೌದ್ರೀ ಮೇಡಂ. ಆ ಕೂಸಿಗೆ ಅನ್ನಬಾರದಿತ್ತು. ಇವರಿಗೆ ಅಂದದ್ದಕ್ಕ ನಂಗೇನೂ ಅನಿಸಂಗಿಲ್ಲ."

ಎರಡು ವಾರದ ಮೇಲೆ ಶಶಿಕಾಂತನನ್ನು ಕೆಲಸದಿಂದ ತೆಗೆದರು. ಶೈಲಶ್ರೀಗೂ ಎಚ್ಚರಿಕೆಯ ಪತ್ರ ಬಂತು; ಸಹಿ ಹಾಕಿ ತೆಗೆದುಕೊಂಡಳು. ಅದೇ ಮಧ್ಯಾಹ್ನ ಲಿಫ್ಟಿನ ಬಾಗಿಲಲ್ಲಿ ಅವನು ಸಾಮಾನಿನ ಡಬ್ಬ ಹಿಡಿದು ಎದುರಾದ.

"ನನ್ ಮಗಳ ಸುದ್ದಿ ಎತ್ತಿದ್ದು ನಾನು ಮರೆಯಲ್ಲ."

"ಮರೀಬ್ಯಾಡ್ರಿ," ಎಂದಳು ಶೈಲಶ್ರೀ. ಅವನಿಗೆ ದಾರಿ ಬಿಡದೆ ತಾನೇ ಮೊದಲು ಲಿಫ್ಟ್ ಹತ್ತಿ ಗುಂಡಿ ಒತ್ತಿದಳು.