ಆನೆಗೆ ಹೊಲಿದ ಅಂಗಿ

ಟೇಪು ಹಿಡಿದು ಅಳತೆ ತೆಗೆಯುವವನು ಟೈಲರೇ ಅಲ್ಲ ಎಂದು ಜಂಬ ಕೊಚ್ಚಿಕೊಂಡೇ ಆ ಟೈಲರ್ ಅರ್ಧ ಆಯುಷ್ಯ ಕಳೆದಿದ್ದ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಎದೆ, ಸೊಂಟ, ತೋಳು ಎಲ್ಲವೂ ಅವನ ಕಣ್ಣಳತೆಗೆ ಸಿಕ್ಕಿರುತ್ತಿದ್ದವು. ಅಂಗಿ ಬಿಗಿಯಾದರೆ ತಪ್ಪು ಗಿರಾಕಿಯದೇ. "ಉಸಿರು ಬಿಟ್ಟು ನಿಂತ್ಕೊಳ್ಳಿ ಸ್ವಾಮಿ, ಸರಿಹೋಗುತ್ತೆ" ಎಂದುಬಿಡುತ್ತಿದ್ದ.

ಇಂಥ ಮಹಾಶಯನಿಗೆ ಹೊರದೇಶದ ಬೇಕರಿಯಲ್ಲಿ ಕೆಲಸಕ್ಕಿದ್ದ ಬಾಲ್ಯದ ಗೆಳೆಯ ವಿಮಾನದ ಟಿಕೆಟ್ಟು ಕಳಿಸಿದ. ಗೆಳೆಯನಿಗೆ ಶಾಲೆಯಿಂದಲೂ ಆನೆ ಎಂದೇ ಹೆಸರು. ಬೆಂಚಿನ ಮೇಲೆ ಅವನು ಕೂತರೆ ಉಳಿದವರಿಗೆ ನೆಲವೇ ಗತಿ. ಇತ್ತೀಚೆಗೆ ಫೋನಿನಲ್ಲಿ ಮುಖ ತೋರಿಸೋ ಅಂದರೆ, "ಬಂದಾಗ ನೋಡುವಿಯಂತೆ" ಎನ್ನುತ್ತಿದ್ದ.

"ಏನು ಬೇಕು ಅಂತ ಒಂದು ಮಾತು ಕೇಳಿ" ಎಂದಳು ಟೈಲರನ ಹೆಂಡತಿ.

"ಕೇಳಿ ಕೊಟ್ಟರೆ ಅದು ಉಡುಗೊರೆನಾ? ಅಂಗಿ ಹೊಲೀತೀನಿ. ಅಲ್ಲಿನ ರೆಡಿಮೇಡ್ ಅಂಗಡಿಯವರು ಅವನನ್ನ ಕಂಡ್ರೆ ಷಟರ್ ಎಳೀತಾರೆ."

"ಅಳತೆನಾದ್ರೂ ಕೇಳಬಾರದಾ?"

"ನಾನು? ಆನೆ ಅಳತೆ? ಚೆನ್ನಾಗಿದೆ!"

ಟಿಕೆಟ್ಟು ಅವನದು, ಊಟ ಅವನದು, ಇರುವ ಮನೆಯೂ ಅವನದೇ. ತನ್ನದು ಅಂತ ಇದ್ದದ್ದು ಈ ಕೈಯೊಂದೇ. "ನಿನ್ನ ಕೈಯದ್ದು ಅಂದ್ರೆ ಇದಪ್ಪ" ಎಂದು ಆನೆ ಒಂದು ಮಾತು ಅಂದುಬಿಟ್ಟರೆ ಜನ್ಮ ಸಾರ್ಥಕ ಎಂದುಕೊಂಡು ತಿಳಿನೀಲಿ ಬಟ್ಟೆಗೆ ಎರಡೆರಡು ಹೊಲಿಗೆ ಹಾಕಿದ.

ವಿಮಾನ ನಿಲ್ದಾಣದಲ್ಲಿ ಆನೆಯ ಸುಳಿವೇ ಇಲ್ಲ. ಸಾಲದ್ದಕ್ಕೆ ಸಣಕಲ ಮನುಷ್ಯನೊಬ್ಬ ಅಡ್ಡ ನಿಂತು ಹಲ್ಲು ಕಿರಿಯುತ್ತಿದ್ದಾನೆ.

"ಸ್ವಲ್ಪ ಸರೀರಿ, ನನ್ನ ಗೆಳೆಯ ಕಾಣ್ತಿಲ್ಲ" ಎಂದು ಟೈಲರ್ ಗದರಿದ.

"ನಾನು ಸರಿದ್ರೆ ಇನ್ನೆಲ್ಲಿ ಕಾಣ್ತಾನೋ, ಕತ್ತರಿ?"

ಕತ್ತರಿ ಎಂದು ಅವನನ್ನು ಕರೆಯುತ್ತಿದ್ದವನು ಜಗತ್ತಿನಲ್ಲಿ ಒಬ್ಬನೇ. ಟೈಲರ್ ಆ ಸಣಕಲನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹೊಟ್ಟೆ ಕಾಯಿಲೆಗೆ ಆಪರೇಷನ್ ಆಯ್ತು. ಅಲ್ಲಿ ಕೂತು ನೀನು ಅಳೋದು ಬೇಡ ಅಂತ ಹೇಳಲಿಲ್ಲ. ಬದುಕಿದೆನಲ್ಲ, ಬಿಡು" ಎಂದ ಆನೆ.

ಬಿಡುವುದೇನು ಬಂತು! ಚೀಲದೊಳಗಿನ ಅಂಗಿ ಟೈಲರನನ್ನೇ ನೋಡಿ ನಗುತ್ತಿತ್ತು. ಮಹಾ ಕಣ್ಣಳತೆಯವನು, ಎದುರಿಗೆ ನಿಂತ ಗೆಳೆಯನನ್ನೇ ಗುರುತಿಸಲಿಲ್ಲ! ಮನೆಯಲ್ಲಿ ಆನೆಯ ಹೆಂಡತಿಗೆ, "ಆತುರದಲ್ಲಿ ಏನೂ ತರೋಕಾಗಲಿಲ್ಲ ಅತ್ತಿಗೆ" ಎಂದು ಹಸಿ ಸುಳ್ಳು ಹೇಳಿದ. ಮರುದಿನ ಸೂಜಿ ದಾರ ಕೇಳಿ ಪಡೆದು, ಕೋಣೆಯ ಮೂಲೆಯಲ್ಲಿ ಕೂತು, ಅಂಗಿಯನ್ನು ಚಿಕ್ಕದು ಮಾಡೋಣವೆಂದು ಪಕ್ಕದ ಹೊಲಿಗೆಗೆ ಕೈ ಹಾಕಿದ. ಅಷ್ಟರಲ್ಲಿ ಆನೆ ಒಳಗೆ ಬಂದ. ಅಂಗಿಯ ಅಗಲ ನೋಡಿದ್ದೇ ಅದು ತನಗೇ ಎಂದು ತಿಳಿದು, ಕಿತ್ತುಕೊಂಡು ತೊಟ್ಟೇಬಿಟ್ಟ. ಅದರಲ್ಲಿ ಅವನಂಥವರು ಇನ್ನೊಬ್ಬರು ಆರಾಮಾಗಿ ಹಿಡಿಸುತ್ತಿದ್ದರು.

"ಬಿಚ್ಚೋ, ಕಿರಿದು ಮಾಡ್ಕೊಡ್ತೀನಿ."

"ಮುಟ್ಟಿದ್ರೆ ನೋಡು!"

ಸಂಜೆ ಬೇಕರಿಯ ಜೊತೆಗಾರರು ಊಟಕ್ಕೆ ಬಂದರು. ಆನೆ ಅದೇ ಅಂಗಿಯಲ್ಲಿ ಬಾಗಿಲು ತೆರೆದು, ಟೈಲರನ ಹೆಗಲ ಮೇಲೆ ಕೈ ಹಾಕಿ, ಅವರ ಭಾಷೆಯಲ್ಲಿ ಹೊಗಳತೊಡಗಿದ. ಕಣ್ಣು ತೋರಿಸಿ, ಗಾಳಿಯಲ್ಲೇ ಟೇಪು ಎಳೆದು, ಬೇಡ ಎಂದು ಕೈಯಾಡಿಸಿದ. ಟೇಪಿಲ್ಲದೆ ಹೊಲಿಯುತ್ತಾನೆ ಅನ್ನುತ್ತಿದ್ದಾನೆ, ಪಾಪಿ! ಬಂದವರು ಜೋತಾಡುವ ಅಂಗಿಯನ್ನೊಮ್ಮೆ, ಟೈಲರನನ್ನೊಮ್ಮೆ ನೋಡಿ ಮರ್ಯಾದೆಗೆ ತಲೆಯಾಡಿಸಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

"ನನ್ನ ಮಾನ ಕಳೀಬೇಡ್ವೋ! ಅಳತೆ ತಪ್ಪಿದೆ ಅಂತಾದ್ರೂ ಹೇಳು" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ಎಲ್ಲಿ ತಪ್ಪಿದೆ?" ಆನೆ ಹೊಟ್ಟೆಯ ಹತ್ತಿರ ಖಾಲಿ ಜೋಲುತ್ತಿದ್ದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದ. "ಇವರೆಲ್ಲ ಹೊಸ ಬೇಕರಿಯವರು, ಕಾಯಿಲೆ ಆದ್ಮೇಲೆ ಸಿಕ್ಕವರು. ಆನೆ ಅಂತ ಒಬ್ಬ ಇದ್ದ ಅಂದ್ರೆ ನಂಬೋದೇ ಇಲ್ಲ. ಇದು ನನ್ನ ಅಳತೇನೇ ಕಣೋ. ನಾನೇ ಕಮ್ಮಿ ಆಗಿದೀನಿ."

ಅಷ್ಟರಲ್ಲಿ ಬಂದವರಲ್ಲೊಬ್ಬ ದಪ್ಪನೆಯವನು ಎದುರಿಗೆ ಬಂದು, ತೋಳು ಚಾಚಿ, ತನಗೂ ಒಂದು ಎಂಬಂತೆ ನಕ್ಕು ನಿಂತ. ಟೈಲರ್ ಕಣ್ಣೊರೆಸಿಕೊಂಡು ನೋಡಿದ, ಮತ್ತೆ ಒರೆಸಿಕೊಂಡ. ಏನೂ ನೆಟ್ಟಗೆ ಕಾಣಲಿಲ್ಲ.

"ಅತ್ತಿಗೆ, ಮನೇಲಿ ಟೇಪು ಇದೆಯಾ?" ಎಂದ.